ಎರಡು ಕಾರ್ಡು, ಎರಡೂ ಸರಿ: ಜಗಳ ತೀರುವುದು ಹೇಗೆ?

ಜೂನ್ ಬಂತೆಂದರೆ ಪಂದಲೂರು, ದೇವಾಲ, ಚೇರಂಬಾಡಿ ಕಡೆ ಮಳೆ ಹಿಡಿದರೆ ಬಿಡೋದಿಲ್ಲ. ಶಾಲೆಗೆ ರಜೆ, ಮನೆಯಲ್ಲಿ ಕರೆಂಟಿಲ್ಲ, ಹೊರಗೆ ಕಾಲಿಡುವ ಹಾಗಿಲ್ಲ. ಆಗ ಕಾರ್ಡಿನ ಕಟ್ಟು ಹೊರಗೆ ಬರುತ್ತದೆ. ಅರ್ಧ ಗಂಟೆಯೊಳಗೆ ಜಗಳವೂ ಶುರುವಾಗುತ್ತದೆ.

ಈ ಜಗಳ ಯಾವುದರ ಮೇಲೆ ಅಂತ ಗಮನಿಸಿದ್ದೀರಾ? ಯಾರೋ ಕಾರ್ಡು ಬಚ್ಚಿಟ್ಟುಕೊಂಡರು ಅಂತ ಆಗುವ ಜಗಳ ಬೇರೆ. ಅದು ಮೋಸ, ಸಿಕ್ಕಿಬಿದ್ದರೆ ಮುಗಿಯಿತು. ನಾನು ಹೇಳುತ್ತಿರುವುದು ಯಾರೂ ಮೋಸ ಮಾಡದೆ ಇದ್ದಾಗಲೂ ಹುಟ್ಟುವ ಜಗಳ. ಊನೋ ಆಡುತ್ತಿದ್ದೀರಿ ಅಂತಿಟ್ಟುಕೊಳ್ಳಿ. ಅಣ್ಣ ಪ್ಲಸ್ ಫೋರ್ ಹಾಕಿದ. ಅಕ್ಕ ಅದರ ಮೇಲೆ ಪ್ಲಸ್ ಟೂ ಹಾಕಿ, "ಈಗ ಆರೂ ನಿಂಗೇ" ಅಂತ ನಿಮ್ಮ ಕಡೆ ದಾಟಿಸಿದಳು. ಪ್ಲಸ್ ಫೋರ್ ಏನು ಮಾಡುತ್ತದೆ ಅಂತ ಎಲ್ಲರಿಗೂ ಗೊತ್ತು. ಪ್ಲಸ್ ಟೂ ಏನು ಮಾಡುತ್ತದೆ ಅಂತಲೂ ಗೊತ್ತು. ಒಂದರ ಮೇಲೊಂದು ಬಿದ್ದಾಗ ಏನು ಅನ್ನೋದೇ ಪ್ರಶ್ನೆ.

ಕೊನೆಗೆ ಗೆಲ್ಲುವವರು ಯಾರು? ದನಿ ದೊಡ್ಡದಿರುವವರು, ಇಲ್ಲವೇ ಕಟ್ಟು ಯಾರದೋ ಅವರು. ಆರು ಕಾರ್ಡು ಎತ್ತಿಕೊಂಡು ಕೂರುವವರು ಸಾಮಾನ್ಯವಾಗಿ ಗುಂಪಿನಲ್ಲಿ ಎಲ್ಲರಿಗಿಂತ ಚಿಕ್ಕವರು.

ಊನೋ ಹುಟ್ಟಿದ್ದೇ ಇಂಥ ಒಂದು ಜಗಳದಿಂದ. ಅಮೆರಿಕದ ಒಹಾಯೋ ರಾಜ್ಯದಲ್ಲಿ ಮರ್ಲ್ ರಾಬಿನ್ಸ್ ಅಂತ ಒಬ್ಬ ಕ್ಷೌರಿಕರಿದ್ದರು. ಅವರ ಮಗ ಮೇಷ್ಟ್ರು. ಕ್ರೇಜಿ ಏಟ್ಸ್ ಎಂಬ ಇಸ್ಪೀಟಿನ ಆಟದ ನಿಯಮದ ಮೇಲೆ ಅಪ್ಪ-ಮಗನಿಗೆ ವಾದ ಬಂತು. ಇಸ್ಪೀಟಿನಲ್ಲಿ ಎಂಟಕ್ಕೆ ಏನು ಶಕ್ತಿ ಅಂತ ಎಲೆಯ ಮೇಲೆ ಬರೆದಿರೋದಿಲ್ಲ, ಎಲ್ಲ ಬಾಯಿಮಾತು. ಹಾಗಾದರೆ ಕಾರ್ಡಿನ ಮೇಲೇ ಅದರ ಶಕ್ತಿ ಕಾಣುವ ಹಾಗೆ ಮಾಡಿದರೆ? 1971ರಲ್ಲಿ ಊನೋ ಹಾಗೆ ಬಂತು. ಆದರೂ ಜಗಳ ನಿಂತಿಲ್ಲ ನೋಡಿ. 2019ರಲ್ಲಿ ಕಂಪನಿಯವರೇ ಬಹಿರಂಗವಾಗಿ ಹೇಳಬೇಕಾಯಿತು: ಪ್ಲಸ್ ಫೋರ್ ಬಿದ್ದರೆ ನಾಲ್ಕು ಎತ್ತಬೇಕು, ಸರದಿಯೂ ಹೋಯಿತು, ಅದರ ಮೇಲೆ ಪ್ಲಸ್ ಟೂ ಹಾಕಿ ದಾಟಿಸುವಂತಿಲ್ಲ. ಜಗತ್ತಿನಲ್ಲಿ ಎಷ್ಟೋ ಜನ ಇದನ್ನು ಒಪ್ಪಲಿಲ್ಲ. ನಮ್ಮನೆ ರೂಲ್ಸೇ ಬೇರೆ ಅಂದರು. ಅದೂ ತಪ್ಪಲ್ಲ, ಆಟ ಶುರುವಾಗುವ ಮೊದಲೇ ಹೇಳಿದ್ದರೆ.

ಊನೋದಲ್ಲಿ ವಿಶೇಷ ಕಾರ್ಡುಗಳು ನಾಲ್ಕೈದು ಬಗೆ ಮಾತ್ರ. ಮಾಯಾಲೋಕದ ಕಾರ್ಡಾಟಗಳಲ್ಲಿ ಹಾಗಲ್ಲ. ಅಲ್ಲಿ ಒಂದೊಂದು ಕಾರ್ಡೂ ಒಂದು ಪ್ರಾಣಿ, ಒಂದು ಮಂತ್ರ, ಒಂದು ಆಯುಧ. ಪ್ರತಿಯೊಂದಕ್ಕೂ ತನ್ನದೇ ಶಕ್ತಿ, ಪ್ರತಿಯೊಂದೂ ಆಟದ ಯಾವುದೋ ಒಂದು ನಿಯಮವನ್ನು ಮುರಿಯುತ್ತದೆ. ಇವುಗಳಲ್ಲಿ ಹೆಸರುವಾಸಿಯಾದದ್ದು ಮ್ಯಾಜಿಕ್ ದಿ ಗ್ಯಾದರಿಂಗ್. 1993ರಲ್ಲಿ ರಿಚರ್ಡ್ ಗಾರ್ಫೀಲ್ಡ್ ಎಂಬ ಗಣಿತಜ್ಞರು ಮಾಡಿದ್ದು. ಅದರಲ್ಲಿ ಈಗ 20,000ಕ್ಕೂ ಹೆಚ್ಚು ಬೇರೆ ಬೇರೆ ಕಾರ್ಡುಗಳಿವೆ.

ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ. ನಿಮ್ಮ ಹತ್ತಿರ 50 ಕಾರ್ಡು ಇದ್ದರೆ ಎಷ್ಟು ಜೋಡಿ ಆಗುತ್ತದೆ? 50 × 49 ÷ 2, ಅಂದರೆ 1,225. ಮೂರು ಮೂರು ಸೇರಿಸಿದರೆ 19,600. ಇನ್ನು 20,000 ಕಾರ್ಡಿಗೆ ಜೋಡಿಗಳೇ ಸುಮಾರು 20 ಕೋಟಿ. ಪ್ರತಿ ಜೋಡಿಗೂ ಇದು ಇದರ ಜೊತೆ ಬಂದರೆ ಹೀಗೆ ಅಂತ ಬರೆಯಲು ಹೊರಟರೆ ನೀಲಗಿರಿಯ ಮರಗಳೆಲ್ಲ ಕಾಗದ ಆದರೂ ಸಾಲದು. ಆದ್ದರಿಂದ ಒಂದೊಂದು ಜಗಳಕ್ಕೂ ಒಂದೊಂದು ತೀರ್ಪು ಬರೆದಿಡುವ ದಾರಿ ಇಲ್ಲ. ಬೇಕಾದದ್ದು ಎರಡು ನಿಯಮ ಎದುರೆದುರು ನಿಂತಾಗ ಯಾವುದು ಮೊದಲು, ಯಾವುದು ಮೇಲು ಅಂತ ಹೇಳುವ ಕೆಲವೇ ನಿಯಮಗಳು. ಇವನ್ನು ನಾವು ಮೇಲ್ನಿಯಮ ಅನ್ನೋಣ.

ನಾವೇ ಒಂದು ಕಾಡಿನ ಆಟ ಮಾಡಿಕೊಂಡು ನೋಡೋಣ. ಹಳೆಯ ನೋಟ್‌ಬುಕ್ಕಿನ ರಟ್ಟು ಕತ್ತರಿಸಿದರೆ ಸಾಕು.

ಮೊದಲಿಗೆ, ಸರದಿಗೆ ಒಂದೇ ಕಾರ್ಡು ಅನ್ನೋದು ನಮ್ಮ ಆಟದ ಸಾಮಾನ್ಯ ನಿಯಮ. ಆದರೆ ಜೇನು ಕಾರ್ಡಿನ ಮೇಲೆ "ಈ ಸರದಿಯಲ್ಲಿ ಇನ್ನೊಂದು ಕಾರ್ಡು ಆಡಬಹುದು" ಅಂತ ಬರೆದಿದೆ. ಯಾವುದನ್ನು ಕೇಳಬೇಕು? ಕಾರ್ಡನ್ನೇ. ಇಲ್ಲದಿದ್ದರೆ ಆ ಕಾರ್ಡು ಇದ್ದೂ ಪ್ರಯೋಜನವಿಲ್ಲ. ಸಾಮಾನ್ಯ ನಿಯಮಕ್ಕಿಂತ ವಿಶೇಷ ನಿಯಮ ಬಲ ಅನ್ನೋದು ಮೊದಲ ಮೇಲ್ನಿಯಮ.

ಇದು ನಿಮಗೆ ಹೊಸದಲ್ಲ. ಕನ್ನಡ ತರಗತಿಯಲ್ಲಿ ಕಲಿತಿದ್ದೀರಿ. ಸ್ವರದ ಮುಂದೆ ಸ್ವರ ಬಂದರೆ ಮೊದಲ ಸ್ವರ ಲೋಪ ಆಗುತ್ತದೆ: ಊರು ಮತ್ತು ಅನ್ನು ಸೇರಿ ಊರನ್ನು. ಅದೇ ಲೆಕ್ಕದಲ್ಲಿ ಮನೆ ಮತ್ತು ಅನ್ನು ಸೇರಿದರೆ ಮನನ್ನು ಆಗಬೇಕಿತ್ತು. ಹಾಗಂದರೆ ಯಾರಿಗೂ ಅರ್ಥವಾಗೋದಿಲ್ಲ. ಅದಕ್ಕೆ ವ್ಯಾಕರಣ ಲೋಪ ಸಂಧಿಗೆ ಒಂದು ಷರತ್ತು ಹಾಕಿದೆ: ಅರ್ಥ ಕೆಡುವುದಾದರೆ ಲೋಪ ಬೇಡ, ನಡುವೆ ಯಕಾರವನ್ನೋ ವಕಾರವನ್ನೋ ತಂದುಕೊಳ್ಳಿ. ಮನೆಯನ್ನು, ಗುರುವನ್ನು. ಎರಡು ಸಂಧಿಗಳು ಒಂದೇ ಜಾಗಕ್ಕೆ ಬಂದು ನಿಂತಾಗ ಜಗಳ ಬಿಡಿಸುವ ಷರತ್ತು ಅದು. ಮೇಲ್ನಿಯಮವೇ.

ಈಗ ಎರಡನೆಯದು. ಆನೆಕಂದಕ ಕಾರ್ಡು ಹೇಳುತ್ತದೆ: "ಯಾವ ಪ್ರಾಣಿಯೂ ದಾಟುವಂತಿಲ್ಲ." ಮುಸುವದ ಕಾರ್ಡು ಹೇಳುತ್ತದೆ: "ಎಲ್ಲಿ ಬೇಕಾದರೂ ದಾಟಬಹುದು." ಎರಡೂ ಕಾರ್ಡುಗಳೇ, ಎರಡೂ ವಿಶೇಷವೇ. ಮೊದಲ ಮೇಲ್ನಿಯಮ ಇಲ್ಲಿ ಕೈ ಕೊಡುತ್ತದೆ. ನಿಜವಾದ ಮುಸುವ ಮರದಿಂದ ಮರಕ್ಕೆ ಹಾರಿ ಹೋಗುತ್ತದಲ್ಲ ಅಂತ ನೀವು ವಾದಿಸಬಹುದು. ಆದರೆ ಆಟದಲ್ಲಿ ಪ್ರಾಣಿಶಾಸ್ತ್ರ ತಂದರೆ ವಾದ ಮುಗಿಯೋದೇ ಇಲ್ಲ. ಕಾರ್ಡಿನ ಮೇಲಿರುವ ಮಾತಷ್ಟೇ ಲೆಕ್ಕ. ಮ್ಯಾಜಿಕ್ ಆಟದಲ್ಲಿ ಇದಕ್ಕೆ ಉತ್ತರ ಸ್ಪಷ್ಟ: "ಬಹುದು" ಮತ್ತು "ಕೂಡದು" ಎದುರಾದರೆ ಕೂಡದು ಗೆಲ್ಲುತ್ತದೆ.

ಯಾಕೆ ಹಾಗೆ? ನಮ್ಮ ರಸ್ತೆಯನ್ನೇ ನೋಡಿ. ಗೂಡಲೂರಿನಿಂದ ಮೈಸೂರಿಗೆ ಹೋಗುವ ದಾರಿ ಬಂಡೀಪುರದ ಕಾಡಿನೊಳಗೆ ಹಾಯುತ್ತದೆ. ಡ್ರೈವರ್ ಹತ್ತಿರ ಲೈಸೆನ್ಸ್ ಇದೆ, ಗಾಡಿಗೆ ಪರ್ಮಿಟ್ ಇದೆ. ಇವೆಲ್ಲ ಬಹುದು ಅನ್ನುವ ಕಾಗದಗಳು. ಆದರೆ 2009ರಿಂದ ಬಂಡೀಪುರದಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಗಾಡಿ ಓಡಿಸುವಂತಿಲ್ಲ. ನನ್ನ ಹತ್ತಿರ ಲೈಸೆನ್ಸ್ ಇದೆಯಲ್ಲ ಅಂತ ಗೇಟಿನಲ್ಲಿ ಹೇಳಿದರೆ ಬಿಡ್ತಾರಾ? ಬಹುದು ಅನ್ನುವ ಪ್ರತಿ ಕಾಗದವೂ ಕೂಡದು ಅನ್ನುವುದನ್ನು ಮುರಿಯುವಂತಿದ್ದರೆ ಆ ನಿಷೇಧಕ್ಕೆ ಅರ್ಥವೇ ಇರುತ್ತಿರಲಿಲ್ಲ. ಹಾಗಾದರೆ ಆಂಬ್ಯುಲೆನ್ಸ್ ಹೋಗುತ್ತದಲ್ಲ ಅಂತ ಕೇಳಿದಿರಾ? ಒಳ್ಳೆಯ ಪ್ರಶ್ನೆ. ಅದು ಹೋಗುವುದು ನಿಷೇಧದೊಳಗೇ ಅದಕ್ಕೆ ವಿನಾಯಿತಿ ಕೊಟ್ಟಿರುವುದರಿಂದ. ನಮ್ಮ ಆಟದಲ್ಲೂ ಮುಸುವ ಕಂದಕ ದಾಟಲೇಬೇಕು ಅಂತಿದ್ದರೆ ಕಂದಕದ ಕಾರ್ಡಿನ ಮೇಲೇ "ಮುಸುವವನ್ನು ಬಿಟ್ಟು" ಅಂತ ಬರೆಯಿರಿ. ಜಗಳ ಅಲ್ಲಿಗೆ ಮುಗಿಯಿತು.

ಮೂರನೆಯದು ನನಗೆ ತುಂಬ ಇಷ್ಟವಾದದ್ದು. ನೀವು ಬೋನು ಕಾರ್ಡು ಹಾಕಿದಿರಿ: "ಎದುರಾಳಿಯ ಒಂದು ಪ್ರಾಣಿ ಸೆರೆಯಾಗುತ್ತದೆ." ನೀವು ತೋರಿಸಿದ್ದು ಗೆಳೆಯನ ಹುಲಿಯನ್ನು. ಗೆಳೆಯ ತಕ್ಷಣ ಮಂಜು ಕಾರ್ಡು ಹಾಕಿದ: "ನನ್ನ ಒಂದು ಪ್ರಾಣಿ ಈ ಸರದಿಯಲ್ಲಿ ಮರೆಯಾಗುತ್ತದೆ, ಅದನ್ನು ಯಾವ ಕಾರ್ಡೂ ಮುಟ್ಟುವಂತಿಲ್ಲ." ನೀವೂ ಬಿಡಲಿಲ್ಲ, ಗಾಳಿ ಕಾರ್ಡು ಹಾಕಿದಿರಿ: "ಒಂದು ಮಂಜು ಕಾರ್ಡು ರದ್ದು." ಹುಲಿ ಸಿಕ್ಕಿತೇ, ತಪ್ಪಿಸಿಕೊಂಡಿತೇ?

ಮೊದಲು ಬಂದದ್ದು ಮೊದಲು ಅಂತ ನಡೆಸಿದರೆ ಏನಾಗುತ್ತದೆ ನೋಡಿ. ಬೋನು ಮೊದಲು ಬಂತು, ಹುಲಿ ಸೆರೆಯಾಯಿತು. ಆಮೇಲೆ ಮಂಜು ಕವಿದು ಏನು ಫಲ? ಈ ಕ್ರಮದಲ್ಲಿ ತಡೆಯುವ ಕಾರ್ಡುಗಳೆಲ್ಲ ದಂಡ. ರೇಷನ್ ಅಂಗಡಿಯ ಸಾಲಿಗೆ ಸರಿಯಾದ ನಿಯಮ ಕಾರ್ಡಾಟಕ್ಕೆ ಸರಿಹೋಗಲಿಲ್ಲ. ಅದಕ್ಕೆ ತಿರುಗಿಸಿ: ಕೊನೆಗೆ ಬಂದದ್ದು ಮೊದಲು. ಕಾರ್ಡುಗಳನ್ನು ಊಟದ ತಟ್ಟೆಗಳ ಹಾಗೆ ಒಂದರ ಮೇಲೊಂದು ಇಡಿ. ಯಾರೂ ಇನ್ನು ಹಾಕುವುದಿಲ್ಲ ಅಂದ ಮೇಲೆ ಮೇಲಿನಿಂದ ಒಂದೊಂದಾಗಿ ತೆಗೆಯಿರಿ. ಗಾಳಿ ಮೊದಲು ಕೆಲಸ ಮಾಡಿತು, ಮಂಜು ಹೋಯಿತು. ಕೊನೆಗೆ ತಳದಲ್ಲಿದ್ದ ಬೋನು ಹುಲಿಯನ್ನು ಹಿಡಿಯಿತು. ಗೆಳೆಯನ ಹತ್ತಿರ ಇನ್ನೊಂದು ಮಂಜು ಇದ್ದಿದ್ದರೆ? ಗಾಳಿಯ ಮೇಲೆ ಅದನ್ನು ಹಾಕಿದ್ದರೆ ಏನಾಗುತ್ತಿತ್ತು ಅಂತ ನೀವೇ ತಟ್ಟೆ ಎಣಿಸಿ ನೋಡಿ. ಗಾಳಿ ರದ್ದು ಮಾಡುವುದು ಒಂದೇ ಮಂಜನ್ನು ಅನ್ನುವುದು ನೆನಪಿರಲಿ.

ಇದಕ್ಕೆ ಸ್ಟ್ಯಾಕ್ ಅಂತ ಹೆಸರು. ಮ್ಯಾಜಿಕ್ ಆಟಕ್ಕೆ ಈ ಹೆಸರಿನ ನಿಯಮ ಬಂದದ್ದು 1999ರಲ್ಲಿ. ಅದಕ್ಕಿಂತ ಮೊದಲು ಬೇರೆ ಬೇರೆ ಜಾತಿಯ ಕಾರ್ಡಿಗೆ ಬೇರೆ ಬೇರೆ ಕ್ರಮವಿದ್ದು ಬಹಳ ಗೊಂದಲವಾಗುತ್ತಿತ್ತು. ಸ್ಟ್ಯಾಕ್ ಎಂಬ ಮಾತು ಕಂಪ್ಯೂಟರಿನವರದು. ನಿಮ್ಮ ಮನೆಯ ಫೋನಿನಲ್ಲೂ ಅದು ದಿನವೂ ಕೆಲಸ ಮಾಡುತ್ತದೆ. ಒಂದು ಪುಟದಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಹೋಗಿ ಹಿಂದೆ ಹೋಗುವ ಗುಂಡಿ ಒತ್ತಿದರೆ ಕೊನೆಗೆ ಬಿಟ್ಟ ಪುಟವೇ ಮೊದಲು ಬರುತ್ತದಲ್ಲ, ಅದೇ.

ಇನ್ನು ಲೆಕ್ಕದ ಜಗಳ. ನಿಮ್ಮ ಆನೆಯ ಬಲ 4. ಮಳೆ ಕಾರ್ಡು ಅದನ್ನು ಎರಡರಷ್ಟು ಮಾಡುತ್ತದೆ. ಬೆಲ್ಲದ ಕಾರ್ಡು 3 ಕೂಡಿಸುತ್ತದೆ. ಎದುರಿಗೆ 12 ಬಲದ ಹುಲಿ. ಮಳೆ ಮೊದಲಾದರೆ 4 × 2 = 8, ಬೆಲ್ಲ ಸೇರಿ 11. ಸೋತಿರಿ. ಬೆಲ್ಲ ಮೊದಲಾದರೆ 4 + 3 = 7, ಎರಡರಷ್ಟಾಗಿ 14. ಗೆದ್ದಿರಿ. ಕಾರ್ಡು ಅದೇ, ಆನೆ ಅದೇ. ಸೋಲು ಗೆಲುವು ಇರುವುದು ಕ್ರಮದಲ್ಲಿ.

ಗುಣಾಕಾರ ಮೊದಲು, ಸಂಕಲನ ಆಮೇಲೆ ಅಂತ ಗಣಿತದ ಮೇಷ್ಟ್ರು ಹೇಳಿಕೊಟ್ಟಿದ್ದಾರಲ್ಲ ಅಂತ ನೀವು ಕೇಳಬಹುದು. ಆ ನಿಯಮ ಕಾಗದದ ಮೇಲೆ ಬರೆದ ಲೆಕ್ಕವನ್ನು ಎಲ್ಲರೂ ಒಂದೇ ಥರ ಓದಲಿ ಅಂತ ಜನ ಮಾಡಿಕೊಂಡ ಒಪ್ಪಂದ. ನೀರು ಇಳಿಜಾರಿಗೆ ಹರಿಯುವ ಹಾಗೆ ಪ್ರಕೃತಿಯ ನಿಯಮವೇನಲ್ಲ. ಕಾರ್ಡಾಟದಲ್ಲಿ ನೀವು ಬೇರೆ ಒಪ್ಪಂದ ಮಾಡಿಕೊಳ್ಳಬಹುದು: ಹಾಕಿದ ಕ್ರಮದಲ್ಲೇ ಲೆಕ್ಕ ಅನ್ನಬಹುದು, ಇಲ್ಲವೇ ಯಾವಾಗಲೂ ಕೂಡಿಸಿ ಆಮೇಲೆ ಗುಣಿಸು ಅನ್ನಬಹುದು. ಎರಡೂ ನಡೆಯುತ್ತದೆ. ನಡೆಯದೆ ಇರೋದು ಹುಲಿ ಎದುರಿಗೆ ಬಂದ ಮೇಲೆ ಒಪ್ಪಂದ ಮಾಡುವುದು. ಆಗ ಪ್ರತಿಯೊಬ್ಬರಿಗೂ ತಮ್ಮನ್ನು ಗೆಲ್ಲಿಸುವ ಕ್ರಮವೇ ನ್ಯಾಯವಾಗಿ ಕಾಣುತ್ತದೆ.

ಒಪ್ಪಂದವನ್ನು ಮೊದಲೇ ಮಾಡಿ ಬರೆದು ಗೋಡೆಗೆ ಹಾಕಿದ ಒಂದು ಕಥೆ ನಮ್ಮ ಜಿಲ್ಲೆಯಲ್ಲೇ ಇದೆ. ಕಾರ್ಡಿನದಲ್ಲ, ಸ್ನೂಕರ್‌ನದು. ಹಸಿರು ಬಟ್ಟೆಯ ಮೇಜಿನ ಮೇಲೆ ಕೋಲಿನಿಂದ ಚೆಂಡು ಹೊಡೆಯುವ ಆಟ, ಟಿವಿಯಲ್ಲಿ ನೋಡಿರ್ತೀರಿ. 1875ರಲ್ಲಿ ಜಬಲ್ಪುರದಲ್ಲಿದ್ದ ನೆವಿಲ್ ಚೇಂಬರ್ಲೇನ್ ಎಂಬ ಬ್ರಿಟಿಷ್ ಸೈನ್ಯದ ಯುವ ಅಧಿಕಾರಿ, 15 ಕೆಂಪು ಚೆಂಡಿನ ಪಿರಮಿಡ್ ಎಂಬ ಆಟಕ್ಕೆ ಬೇರೆ ಆಟದ ಬಣ್ಣದ ಚೆಂಡುಗಳನ್ನು ಸೇರಿಸಿ ಆಡಲು ಶುರುಮಾಡಿದರು. (ಮುಂದೆ ಇಂಗ್ಲೆಂಡಿನ ಪ್ರಧಾನಿಯಾದ ಚೇಂಬರ್ಲೇನ್ ಬೇರೆ, ಗೊಂದಲ ಬೇಡ.) ಎರಡು ಆಟ ಸೇರಿದ ಮೇಲೆ ಎರಡರ ನಿಯಮಗಳೂ ಸೇರಬೇಕಲ್ಲ? 1882ರಲ್ಲಿ ಊಟಿಯ ಕ್ಲಬ್ಬಿನಲ್ಲಿ ಅವರು ಆ ನಿಯಮಗಳನ್ನು ಬರೆದು ಬಿಲಿಯರ್ಡ್ಸ್ ಕೋಣೆಯಲ್ಲಿ ಎಲ್ಲರಿಗೂ ಕಾಣುವ ಹಾಗೆ ಹಾಕಿಸಿದರು. ಜಗತ್ತಿನೆಲ್ಲೆಡೆ ಆಡುವ ಒಂದು ಆಟದ ನಿಯಮಗಳು ಮೊದಲು ಅಂಟಿದ್ದು ನೀಲಗಿರಿಯ ಗೋಡೆಗೆ.

ಇವತ್ತಿನ ಸ್ನೂಕರ್‌ನ ನಿಯಮದಲ್ಲಿ ನಮ್ಮ ಪ್ರಶ್ನೆಗೇ ಸರಿಯಾದ ಒಂದು ಮಾತಿದೆ. ತಪ್ಪು ಚೆಂಡಿಗೆ ಹೊಡೆದರೆ ಎದುರಾಳಿಗೆ ದಂಡದ ಅಂಕ ಸಿಗುತ್ತದೆ. ಕೆಂಪಿಗೆ ಹೊಡೆಯಬೇಕಾದವನು ಒಂದೇ ಹೊಡೆತದಲ್ಲಿ ಮೊದಲು ನೀಲಿಗೆ ತಗುಲಿಸಿ, ಕಪ್ಪನ್ನು ಗುಂಡಿಗೆ ಬೀಳಿಸಿದ ಅಂತಿಟ್ಟುಕೊಳ್ಳಿ. ನೀಲಿಗೆ 5, ಕಪ್ಪಿಗೆ 7. ದಂಡ 12 ಆಗಬೇಕೇ? ಇಲ್ಲ. ಒಂದೇ ಹೊಡೆತದಲ್ಲಿ ಎಷ್ಟು ತಪ್ಪಾದರೂ ಅವುಗಳಲ್ಲಿ ದೊಡ್ಡದು ಮಾತ್ರ ಲೆಕ್ಕ, ಇಲ್ಲಿ 7. ಕೂಡಿಸಬೇಡ, ದೊಡ್ಡದನ್ನು ಹಿಡಿ ಅನ್ನುವುದು ಅವರ ಮೇಲ್ನಿಯಮ. ಊನೋ ಆಡುವ ಅಕ್ಕನಿಗೆ ಇದನ್ನು ಹೇಳಬಹುದು. ಆದರೆ ಆಟಕ್ಕೆ ಮೊದಲು.

ಮೈಸೂರಿನಲ್ಲಿ ಹಿಂದೆ ಆಡುತ್ತಿದ್ದ ಗಂಜೀಫಾ ಎಲೆಗಳಲ್ಲೂ ಇಂಥದ್ದಿದೆ. ದಶಾವತಾರ ಗಂಜೀಫಾದಲ್ಲಿ ಹತ್ತು ಅವತಾರ, ಒಂದೊಂದಕ್ಕೆ 12ರಂತೆ 120 ಎಲೆ. ಅರ್ಧ ಅವತಾರಗಳಲ್ಲಿ ಹತ್ತು ದೊಡ್ಡದು, ಇನ್ನರ್ಧದಲ್ಲಿ ಒಂದೇ ದೊಡ್ಡದು. ಹಗಲು ಆಡಿದರೆ ರಾಮನ ಎಲೆ ಇದ್ದವರು ಶುರುಮಾಡಬೇಕು, ರಾತ್ರಿಯಾದರೆ ಕೃಷ್ಣನ ಎಲೆ ಇದ್ದವರು. ಯಾರು ಮೊದಲು ಅನ್ನುವ ಜಗಳವನ್ನು ಸೂರ್ಯನಿಗೇ ಒಪ್ಪಿಸಿಬಿಟ್ಟಿದ್ದಾರೆ!

ಮೇಲ್ನಿಯಮಗಳ ಮೇಲೇ ಜಗಳ ಬರಬಹುದೇ? ಬಂದಿದೆ. ಸುಮಾರು ಎರಡೂವರೆ ಸಾವಿರ ವರ್ಷಗಳ ಹಿಂದೆ ಪಾಣಿನಿ ಸಂಸ್ಕೃತಕ್ಕೆ ಸುಮಾರು ನಾಲ್ಕು ಸಾವಿರ ಸೂತ್ರಗಳ ವ್ಯಾಕರಣ ಬರೆದರು. ಎರಡು ಸೂತ್ರ ಎದುರಾದರೆ ನಂತರದ್ದನ್ನು ಹಿಡಿ ಅಂತ ಅದರಲ್ಲೇ ಒಂದು ಸೂತ್ರವಿದೆ. ನಂತರದ್ದು ಅಂದರೆ ಪುಸ್ತಕದಲ್ಲಿ ಆಮೇಲೆ ಬರುವ ಸೂತ್ರ ಅಂತ ಪಂಡಿತರು ಹೇಳುತ್ತಾ ಬಂದರು. 2022ರಲ್ಲಿ ಕೇಂಬ್ರಿಜ್‌ನ ರಿಷಿ ರಾಜ್‌ಪೋಪಟ್ ಎಂಬ ಸಂಶೋಧಕರು, ಅಲ್ಲ, ಪದದಲ್ಲಿ ಬಲಗಡೆಯ ಭಾಗಕ್ಕೆ ಅನ್ವಯಿಸುವ ಸೂತ್ರ ಅಂತ ಅದರರ್ಥ ಅಂದರು. ಎಲ್ಲರೂ ಒಪ್ಪಿಲ್ಲ. ವಾದ ಇನ್ನೂ ನಡೆದಿದೆ.

ಕೊನೆಗೆ ಒಂದು ಕಷ್ಟದ ಸಂಗತಿ. ಎರಡು ಕಾರ್ಡು ಒಂದನ್ನೊಂದು ಎಬ್ಬಿಸುತ್ತಾ ಹೋದರೆ? ನವಿಲಿನ ಕಾರ್ಡು: "ಮಳೆ ಬಂದಾಗಲೆಲ್ಲ ನವಿಲು ಕುಣಿಯುತ್ತದೆ." ಮೋಡದ ಕಾರ್ಡು: "ನವಿಲು ಕುಣಿದಾಗಲೆಲ್ಲ ಮಳೆ ಬರುತ್ತದೆ." ಒಮ್ಮೆ ಮಳೆ ಬಂದರೆ ಸಾಕು, ಆಟ ಮುಂದೆ ಹೋಗೋದೇ ಇಲ್ಲ. ಯಾರಿಗೂ ಅದನ್ನು ನಿಲ್ಲಿಸುವ ಆಯ್ಕೆ ಇಲ್ಲದಿದ್ದರೆ ಮ್ಯಾಜಿಕ್‌ನಲ್ಲಿ ಆಟ ಸಮ ಅಂತ ತೀರ್ಮಾನ. ನಿಲ್ಲಿಸುವ ಆಯ್ಕೆ ಆಟಗಾರರಿಗೆ ಇದ್ದರೆ ಎಷ್ಟು ಬಾರಿ ಅಂತ ಹೇಳಿ ಆಮೇಲೆ ನಿಲ್ಲಿಸಬೇಕು. ಚದುರಂಗದಲ್ಲೂ ಒಂದೇ ಸ್ಥಿತಿ ಮೂರು ಬಾರಿ ಬಂದರೆ ಡ್ರಾ ಕೇಳಬಹುದು, ನೀವು ಬಲ್ಲಿರಿ.

ಸರಿ, ನವಿಲು-ಮೋಡದ ಸುತ್ತು ಕಣ್ಣಿಗೆ ಕಾಣುತ್ತದೆ. ಕಾಣದ ಸುತ್ತುಗಳೂ ಇವೆ. 2019ರಲ್ಲಿ ಅಲೆಕ್ಸ್ ಚರ್ಚಿಲ್, ಸ್ಟೆಲ್ಲಾ ಬೈಡರ್ಮನ್, ಆಸ್ಟಿನ್ ಹೆರಿಕ್ ಎಂಬ ಮೂವರು, ಮ್ಯಾಜಿಕ್ ಕಾರ್ಡುಗಳನ್ನೇ ಜೋಡಿಸಿ ಯಾವ ಲೆಕ್ಕವನ್ನಾದರೂ ಮಾಡಬಲ್ಲ ಒಂದು ಯಂತ್ರ ಕಟ್ಟಬಹುದು ಅಂತ ತೋರಿಸಿದರು. ಕಾರ್ಡು ಜೋಡಿಸಿದ ಮೇಲೆ ಆಟಗಾರರಿಗೆ ಮಾಡಲು ಏನೂ ಇಲ್ಲ, ಕಾರ್ಡುಗಳೇ ಒಂದನ್ನೊಂದು ನಡೆಸುತ್ತವೆ. ಅಂಥ ಯಂತ್ರ ನಿಲ್ಲುತ್ತದೋ, ಸದಾ ಓಡುತ್ತಲೇ ಇರುತ್ತದೋ ಅಂತ ಎಲ್ಲ ಸಂದರ್ಭಕ್ಕೂ ಮೊದಲೇ ಹೇಳಬಲ್ಲ ಒಂದೇ ವಿಧಾನ ಇರಲು ಸಾಧ್ಯವಿಲ್ಲ ಅಂತ ಅಲನ್ ಟ್ಯೂರಿಂಗ್ 1936ರಲ್ಲೇ ಸಾಧಿಸಿದ್ದರು. ಎರಡನ್ನೂ ಸೇರಿಸಿದರೆ? ಪ್ರತಿ ಹೆಜ್ಜೆಗೂ ನಿಯಮ ಸ್ಪಷ್ಟ, ಯಾವ ಹೆಜ್ಜೆಯಲ್ಲೂ ಜಗಳವಿಲ್ಲ, ಆದರೂ ಯಾರು ಗೆಲ್ಲುತ್ತಾರೆ ಅಂತ ಯಾವ ತೀರ್ಪುಗಾರರೂ, ಯಾವ ಕಂಪ್ಯೂಟರೂ ಹೇಳಲಾಗದ ಆಟಗಳು ಇರಬಲ್ಲವು. ಮಳೆಗಾಲದ ಮಧ್ಯಾಹ್ನ ಹಾಸಿಗೆ ಮೇಲೆ ಆಡುವ ಆಟ ಗಣಿತದ ಇಷ್ಟು ಆಳಕ್ಕೆ ಇಳಿಯುತ್ತದೆ.

ನಿಮಗೆ ಅಷ್ಟು ದೂರ ಹೋಗುವ ಅಗತ್ಯ ಬೀಳದು. ಮೂರು ಕಾರ್ಡಿನಿಂದ ಶುರುಮಾಡಿ. ಆನೆಯ ಬಲ 4. ಮಳೆ ಅದನ್ನು ಎರಡರಷ್ಟು ಮಾಡುತ್ತದೆ, ಬೆಲ್ಲ 3 ಕೂಡಿಸುತ್ತದೆ, ಮುಳ್ಳು ಅನ್ನುವ ಹೊಸ ಕಾರ್ಡು "ಬಲ ಎಷ್ಟಿದ್ದರೂ 1 ಆಗುತ್ತದೆ" ಅನ್ನುತ್ತದೆ. ಈ ಮೂರನ್ನು ಆರು ಕ್ರಮದಲ್ಲಿ ಹಾಕಬಹುದು. ಆರೂ ಕ್ರಮದ ಉತ್ತರ ಬರೆಯಿರಿ. ಐದು ಬೇರೆ ಬೇರೆ ಉತ್ತರ ಬಂದರೆ ನಿಮ್ಮ ಲೆಕ್ಕ ಸರಿ. ಆಮೇಲೆ ನಿಮ್ಮ ತರಗತಿಯ ಆಟಕ್ಕೆ ಯಾವ ಕ್ರಮ ಬೇಕು ಅಂತ ಎಲ್ಲರೂ ಕೂತು ತೀರ್ಮಾನಿಸಿ, ಒಂದೇ ಸಾಲಿನಲ್ಲಿ ರಟ್ಟಿನ ಮೇಲೆ ಬರೆದು ಕಟ್ಟಿನ ಜೊತೆಗೇ ಇಟ್ಟುಕೊಳ್ಳಿ. ಬರೆಯುವ ಕೆಲಸ ಗುಂಪಿನಲ್ಲಿ ಎಲ್ಲರಿಗಿಂತ ಚಿಕ್ಕವರಿಗೆ ಕೊಡಿ.